ಅತ್ತೆಯ ನೂರಿಪ್ಪತ್ತು ಎಕರೆ

ಹಣ್ಣು ಕೀಳುವವರಿಗೆ ಕೂಲಿ ಕೊಟ್ಟು ಕೊಟ್ಟು ಸಾಕಾಗಿ, ಕೀಳುವವರಿಂದಲೇ ದುಡ್ಡು ವಸೂಲಿ ಮಾಡುವ ಉಪಾಯ ಕಂಡುಕೊಂಡ ಪುಣ್ಯಾತ್ಮನ ತೋಟವದು. ಗೇಟಿನಲ್ಲಿ ‘ಒಂದು ದಿನ ರೈತರಾಗಿ’ ಎಂಬ ಬೋರ್ಡು. ಒಳಗೆ ಹೋಗಲು ಟಿಕೆಟು, ಬುಟ್ಟಿಗೆ ಬಾಡಿಗೆ, ಹುಲ್ಲಿನ ಟೋಪಿಗೆ ಇನ್ನೊಂದು ಬಾಡಿಗೆ. ಕಿತ್ತ ಸ್ಟ್ರಾಬೆರಿಗೆ ಅಂಗಡಿಗಿಂತ ಹೆಚ್ಚಿನ ಬೆಲೆ. ಬೆನ್ನುನೋವು ಮಾತ್ರ ಪುಕ್ಕಟೆ.

ಟೀಚರಮ್ಮ ಇಲ್ಲಿಗೆ ಬಂದದ್ದು ಹಣ್ಣಿನ ಆಸೆಗಲ್ಲ. ಮಗಳು ಮೆಚ್ಚಿದ ಹುಡುಗನ ತಾಯಿ ಹಲ್ಲಿನ ಡಾಕ್ಟರು. ಎರಡೂ ಮನೆಯವರು ಬಯಲಲ್ಲಿ ಆರಾಮಾಗಿ ಮಾತಾಡೋಣ ಎಂದು ಅವರೇ ಕರೆದಿದ್ದರು. ಮದುವೆಗೆ ಅವರು ಹೂಂ ಅನ್ನುವುದೊಂದೇ ಬಾಕಿ. ಆ ಹೂಂಗೆ ಅಡ್ಡ ಬರಬಹುದಾಗಿದ್ದವರು ಟೀಚರಮ್ಮನ ಅತ್ತೆ. ಅತ್ತೆ ಮೂವತ್ತು ವರ್ಷ ಕಂಡವರ ತೋಟದಲ್ಲಿ ಕೂಲಿಗೆ ಹಣ್ಣು ಕಿತ್ತವರು. ಟೀಚರಮ್ಮ ಫೋನಿನಲ್ಲಿ ಡಾಕ್ಟರಮ್ಮನಿಗೆ ‘ನಮ್ಮತ್ತೆಯವರದ್ದು ತೋಟದ ಮನೆ’ ಎಂದುಬಿಟ್ಟಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

“ಅತ್ತೆ, ನೀವು ಸುಮ್ನೆ ಬೆಂಚಿನ ಮೇಲೆ ಕೂತಿರಿ. ಯಾರಾದ್ರೂ ಕೇಳಿದ್ರೆ ನಮ್ಮ ತೋಟ ಅಂದ್ರೆ ಸಾಕು,” ಎಂದು ಕಾರಿನಲ್ಲೇ ಪಾಠ ಹೇಳಿಕೊಟ್ಟಿದ್ದರು.

ಅತ್ತೆಯ ಬೆರಗೇ ಬೇರೆ. “ಟಿಕೆಟ್ ತಗೊಂಡು ಕೀಳೋದಾ? ಈ ಬುದ್ಧಿ ನಮ್ಮ ಧಣಿಗೆ ಹೊಳೀಲಿಲ್ಲ, ನಮ್ಮ ಪುಣ್ಯ.”

ಬೆಂಚಿನ ಮೇಲೆ ಅವರು ಕೂತದ್ದು ಐದೇ ನಿಮಿಷ. ಜನ ಹಣ್ಣನ್ನು ಮುಷ್ಟಿಯಲ್ಲಿ ಹಿಂಡಿ ಎಳೆಯುವುದನ್ನು ಆ ಕಣ್ಣು ತಾಳಲಿಲ್ಲ. ಟೀಚರಮ್ಮ ತಿರುಗಿ ನೋಡುವಷ್ಟರಲ್ಲಿ ಅತ್ತೆ ಕುಕ್ಕರಗಾಲಲ್ಲಿ ಕೂತು, ಹಣ್ಣನ್ನು ಅದುಮದೆ ತೊಟ್ಟನ್ನಷ್ಟೇ ಉಗುರಲ್ಲಿ ಚಿವುಟುತ್ತ, ಎರಡೂ ಕೈಯಲ್ಲಿ ಅರ್ಧ ಸಾಲು ಮುಗಿಸಿದ್ದರು. ಪಕ್ಕದಲ್ಲೇ ಡಾಕ್ಟರಮ್ಮ ನಿಂತಿದ್ದರು. ಅವರ ಬುಟ್ಟಿಯಲ್ಲಿ ಏಳು ಹಣ್ಣು, ಫೋನಿನಲ್ಲಿ ಆ ಏಳು ಹಣ್ಣಿನ ನಲವತ್ತು ಫೋಟೋ.

“ಎಷ್ಟು ಎಕರೆ ಇತ್ತಮ್ಮ ನಿಮ್ಮ ತೋಟ?”

“ನೂರಿಪ್ಪತ್ತು,” ಎಂದರು ಅತ್ತೆ, ಕೈ ನಿಲ್ಲಿಸದೆ.

ಟೀಚರಮ್ಮ ಬಯಸಿದ್ದು ನಾಲ್ಕೈದು ಎಕರೆಯಷ್ಟು ಮರ್ಯಾದೆ. ನೂರಿಪ್ಪತ್ತು ಅವರಿಗೇ ಗಂಟಲಲ್ಲಿ ಇಳಿಯಲಿಲ್ಲ.

“ಅಷ್ಟೂ ಮಾರಿಬಿಟ್ರಾ?” ಎಂದರು ಡಾಕ್ಟರಮ್ಮ.

“ಇಲ್ಲ ತಾಯಿ. ದಿನಾ ಸಾಯಂಕಾಲ ಅಲ್ಲೇ ಬಿಟ್ಟು ಬರ್ತಿದ್ವಿ.”

“ನಮ್ಮತ್ತೆಗೆ ತಮಾಷೆ ಜಾಸ್ತಿ,” ಎಂದು ಟೀಚರಮ್ಮ ಬೇಡದ ನಗು ನಕ್ಕು, ಮಾತನ್ನು ಬಿಸಿಲಿನ ಕಡೆ ಎಳೆದರು. ಡಾಕ್ಟರಮ್ಮ ಬಿಸಿಲು ಹೆಚ್ಚೆಂದು ಒಪ್ಪಿಕೊಂಡರು.

ಹೊರಡುವಾಗ ಗೇಟಿನಲ್ಲಿ ತೂಕ. ಎಲ್ಲರೂ ಬುಟ್ಟಿ ಇಟ್ಟರು, ರಸೀದಿ ತೆಗೆದುಕೊಂಡರು. ಅತ್ತೆಯ ಸರದಿ ಬಂತು. ಅವರು ಬುಟ್ಟಿ ಇಟ್ಟರು. ಆಮೇಲೆ ಯಾರೂ ಕೇಳದಿದ್ದರೂ ಸೀರೆಯ ಮೇಲೆ ತೊಟ್ಟಿದ್ದ ಕೋಟಿನ ಎರಡೂ ಜೇಬುಗಳನ್ನು ಒಳಗಿಂದ ಹೊರಕ್ಕೆ ಎಳೆದು ಕೊಡವಿ, ಕೈಗಳನ್ನು ಮೇಲೆತ್ತಿ, ತೂಕದವಳ ಮುಂದೆ ನಿಂತರು.

“ಅಮ್ಮ ಯಾಕೆ ಹಾಗೆ ನಿಂತಿದ್ದಾರೆ?” ಎಂದರು ಡಾಕ್ಟರಮ್ಮ.

ಟೀಚರಮ್ಮನಿಗೆ ಇನ್ನೊಂದು ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ಆದರೆ ಆ ಖಾಲಿ ಜೇಬುಗಳನ್ನು ನೋಡಿ ತಮ್ಮ ಮೇಲೇ ಹೇಸಿಗೆಯಾಯಿತು. ಗಂಡ ಓದಿದ್ದು, ತಮ್ಮ ಮನೆ ನಿಂತದ್ದು, ಎಲ್ಲ ಈ ಕೈಗಳಿಂದ.

“ಅವರು ತೋಟದ ಯಜಮಾನಿ ಅಲ್ಲ. ಕೂಲಿಗೆ ಕೀಳ್ತಿದ್ರು. ದಿನಾ ಗೇಟಿನಲ್ಲಿ ಜೇಬು ನೋಡಿ ಬಿಡ್ತಿದ್ರು ಅನ್ಸುತ್ತೆ. ನಾನು ನಿಮಗೆ ಸುಳ್ಳು ಹೇಳಿದೆ.”

“ಅದು ಆಗಲೇ ಗೊತ್ತಾಯ್ತು,” ಎಂದರು ಡಾಕ್ಟರಮ್ಮ. “ತೋಟದ ಯಜಮಾನರು ಯಾರೂ ಇಷ್ಟು ಚೆನ್ನಾಗಿ ಕೀಳೋದನ್ನ ನಾನು ನೋಡಿಲ್ಲ. ಮದುವೆ ದಿನ ಮುಂದಿನ ವಾರ ಗೊತ್ತು ಮಾಡೋಣ.”

ಅತ್ತೆಗೆ ಇದೊಂದೂ ಕೇಳಿಸಿರಲಿಲ್ಲ. ಕೈ ಇನ್ನೂ ಮೇಲೇ ಇತ್ತು. ತೂಕದವಳು ಕಕ್ಕಾಬಿಕ್ಕಿಯಾಗಿ ನೋಡುತ್ತಿದ್ದಳು.

“ನಾನಿನ್ನು ಹೋಗ್ಬಹುದಾಮ್ಮ?” ಎಂದು ಅತ್ತೆ ಅವಳನ್ನು ಕೇಳಿದರು.