ಎರಡು ಚೀಲ ಐಸು

ಕಸಿಲ್ದಾ ಒದ್ದೆ ಬಟ್ಟೆ ಹಿಂಡಿ ಗಂಡನ ಮುಖದ ಮೇಲೆ ಹಾಸಿದಳು. ಎದ್ದ ನೊಣಗಳು ದೂರವೇನೂ ಹೋಗದೆ ಶವಪೆಟ್ಟಿಗೆಯ ಅಂಚಿನಲ್ಲೇ ಕುಳಿತವು. ಬೇಸಿಗೆ ಮುಗಿಯುವ ಮಾರ್ಚ್ ಬಂದರೂ ಲಾ ಪಂಪಾ ಬಯಲಿನ ಬಿಸಿಲು ಇಳಿದಿರಲಿಲ್ಲ.

“ಅತ್ತಿಗೆ, ಮುಚ್ಚಿಬಿಡೋಣ. ವಾಸನೆ ಶುರುವಾಗಿದೆ,” ಎಂದ ಸತ್ತ ಇಸಿದ್ರೊನ ತಮ್ಮ ಅನ್ಸೆಲ್ಮೊ.

“ನೆಲಿದಾ ಐದು ಗಂಟೆ ಬಸ್ಸಿಗೆ ಬರ್ತಾಳೆ. ಮಗಳು ಅಪ್ಪನ ಮುಖ ನೋಡಿ ಹನ್ನೊಂದು ವರ್ಷ ಆಯ್ತು. ಅವಳು ನೋಡೋವರೆಗೂ ಮುಚ್ಚಲ್ಲ. ಬೇಟೆ ಬಂಗಲೆಯೋರು ಏನಂದ್ರು?”

“ಕೋಲ್ಡ್ ರೂಮಿನ ತುಂಬ ಅತಿಥಿಗಳು ಹೊಡೆದ ಸಾರಂಗದ ತಲೆಗಳೇ ಇವೆಯಂತೆ. ಜೊತೆಗೆ ಹೆಣ ಇಟ್ರೆ ಬೇಜಾರಾಗುತ್ತಂತೆ.”

“ಯಾರಿಗೆ? ಅತಿಥಿಗಳಿಗೋ, ಸಾರಂಗಗಳಿಗೋ?” ಎಂದಳು ಮೂಲೆಯಲ್ಲಿ ಮಾಟೆ ಕಷಾಯ ಹೀರುತ್ತಿದ್ದ ನೆರೆಮನೆಯ ಮುದುಕಿ ರಮೋನಾ.

*

ಅತಿಥಿಗಳು ಮನೆಯ ಗೋಡೆಗೆ ಹಾಕಿಕೊಳ್ಳುವ ಆ ತಲೆಗಳನ್ನು ಕೆಡದಂತೆ ಕಾಪಾಡುವುದೇ ಮೂವತ್ತು ವರ್ಷ ಇಸಿದ್ರೊನ ಕೆಲಸವಾಗಿತ್ತು. ಗುಂಡು ತಿಂದ ಸಾರಂಗವನ್ನು ನೆಲದ ಮೇಲೆ ಎಳೆಯಲು ಬಿಡುತ್ತಿರಲಿಲ್ಲ, ಕೂದಲು ಸವೆಯುತ್ತದೆ. ಕತ್ತು ಸೀಳಲು ಬಿಡುತ್ತಿರಲಿಲ್ಲ, ಗೋಡೆಗೇರಿದ ಮೇಲೆ ಹೊಲಿಗೆ ಕಾಣುತ್ತದೆ. ನೆರಳಿಗೆ ಒಯ್ದು, ಭುಜದ ಹಿಂದಿನಿಂದ ಚರ್ಮ ಬಿಡಿಸಿ, ಕಿವಿ ತುಟಿಗಳ ಒಳಮೈಗೂ ಉಪ್ಪು ತಿಕ್ಕುತ್ತಿದ್ದ. “ಸತ್ತದ್ದು ಯಾರಿಗೂ ಕಾಯಲ್ಲ,” ಎನ್ನುತ್ತಿದ್ದ.

ನೆಲಿದಾಗೆ ಹದಿನೈದು ತುಂಬಿದ ಹಬ್ಬ. ಅಪ್ಪ ಮಗಳು ಕುಣಿಯುವ ವಾಲ್ಟ್ಸ್ ಅರ್ಧಕ್ಕೆ ಬಂದಾಗ, ಸಾರಂಗ ಬಿದ್ದಿದೆ ಎಂದು ಬಂಗಲೆಯ ಜೀಪು ಬಂತು. ಇಸಿದ್ರೊ ಮಗಳ ಕೈ ಬಿಟ್ಟು ಚಾಕು ಹಿಡಿದು ಹೊರಟೇಬಿಟ್ಟ. ಬಿಳಿ ಲಂಗದ ಹುಡುಗಿ ಊರವರ ನಡುವೆ ಒಬ್ಬಳೇ ನಿಂತಿದ್ದಳು. ಹದಿನೆಂಟಾದದ್ದೇ ತಡ, ದಕ್ಷಿಣದ ಎಣ್ಣೆಬಾವಿಗಳ ಊರಿಗೆ ಹೋದವಳು ಇತ್ತ ತಿರುಗಿ ನೋಡಲಿಲ್ಲ. ಆ ಸಾರಂಗ ಈಗ ಯಾವ ದೇಶದ ಯಾರ ಗೋಡೆಯ ಮೇಲಿದೆಯೋ!

*

ಒಂದು ಗಂಟೆಗೆ ಬಂಗಲೆಯ ಮ್ಯಾನೇಜರ್ ಲೆದೆಸ್ಮಾ ಹೂವಿನ ಚಕ್ರ ಹಿಡಿದು ಬಂದ. ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡ. ಆಮೇಲೆ ಗಂಟಲು ಸರಿಮಾಡಿಕೊಂಡ.

“ಹೇಳೋಕೆ ನಾಚಿಕೆ, ದೋನ್ಯಾ ಕಸಿಲ್ದಾ. ಈಗಷ್ಟೇ ಒಂದು ದೊಡ್ಡ ಸಾರಂಗ ಬಿದ್ದಿದೆ. ಬಿಸಿಲಲ್ಲಿದೆ. ಅಣ್ಣನ ಕೆಲಸ ಕಲಿತವನು ಅನ್ಸೆಲ್ಮೊ ಒಬ್ಬನೇ. ಒಂದು ಗಂಟೆ ಕಳಿಸಿಕೊಡಿ.”

ಕಸಿಲ್ದಾ ಅಳಲಿಲ್ಲ, ಬೈಯಲೂ ಇಲ್ಲ. “ಕಳಿಸ್ತೀನಿ. ಎರಡು ಚೀಲ ಐಸು ಮೊದಲು ಇಲ್ಲಿಗೆ ಬರಲಿ.”

“ಹೋದ ತಕ್ಷಣ ಕಳಿಸ್ತೀನಿ. ದೇವರಾಣೆ.”

ಅನ್ಸೆಲ್ಮೊ ಅವನ ಜೊತೆ ಜೀಪು ಹತ್ತಿದ. ಎರಡಾಯಿತು, ಮೂರಾಯಿತು. ಐಸು ಬರಲಿಲ್ಲ. ಮೂರೂವರೆಗೆ ಕಸಿಲ್ದಾ ಬಟ್ಟೆ ಎತ್ತಿ ನೋಡಿದಳು, ಮತ್ತೆ ಹಾಸಿದಳು. “ಮೊಳೆ ತನ್ನಿ,” ಎಂದಳು.

ನೆಲಿದಾ ಬಂದಾಗ ಐದೂಕಾಲು. ಚೀಲವನ್ನೂ ಇಳಿಸದೆ ಮುಚ್ಚಳದ ಮೇಲೆ ಕೈಯಿಟ್ಟಳು. “ಅಮ್ಮಾ, ತೆಗಿ.”

“ಬೇಡ ಮಗಳೇ. ಈಗ ನೋಡಿದ್ರೆ ಅದೇ ಮುಖ ಕಣ್ಣಲ್ಲಿ ಉಳಿಯುತ್ತೆ.”

ಅಷ್ಟರಲ್ಲಿ ಅಂಗಳದಲ್ಲಿ ಜೀಪು ನಿಂತಿತು. ಅನ್ಸೆಲ್ಮೊ ಎರಡು ಚೀಲ ಐಸು ಹೊತ್ತು ಒಳಗೆ ಬಂದ. ಮೊಣಕೈವರೆಗೂ ಉಪ್ಪು.

“ಅತ್ತಿಗೆ, ಸುಲಿದು ಮುಗಿಯೋವರೆಗೂ ಐಸು ಸಾರಂಗದ ಮೇಲೇ ಇರಲಿ ಅಂದ್ರು. ನಾನೇನು ಮಾಡ್ಲಿ?”

“ತಲೆ ಚೆನ್ನಾಗಿ ಬಂತಾ?” ಎಂದಳು ಕಸಿಲ್ದಾ.

“ಒಂದು ಕೂದಲೂ ಉದುರಿಲ್ಲ,” ಎಂದು ಅವನು ತಲೆ ತಗ್ಗಿಸಿದ.

ನೆಲಿದಾ ಅವನ ಹೆಗಲಿಂದ ಒಂದು ಚೀಲ ಇಳಿಸಿಕೊಂಡಳು. ಅರ್ಧ ನೀರಾಗಿತ್ತು. ಮುಚ್ಚಳದ ಮೇಲೆ, ಅಪ್ಪನ ಮುಖವಿರುವ ಕಡೆ ಅದನ್ನಿಟ್ಟು ಎರಡೂ ಕೈಯಿಂದ ಒತ್ತಿ ಹಿಡಿದಳು. ನೀರು ಹಲಗೆಯ ಮೇಲೆ ಹರಿದು ನೆಲಕ್ಕೆ ತೊಟ್ಟಿಕ್ಕಿತು. ಪೆಟ್ಟಿಗೆ ಹೊರಲು ಬಂದವರು ಟೋಪಿ ಕೈಯಲ್ಲಿ ಹಿಡಿದು, ಐಸಷ್ಟೂ ಕರಗುವವರೆಗೆ ಕಾಯುತ್ತ ನಿಂತರು.