ಸಾಬೂನಿನ ಘನಗಳು

ಕರ್ಫ್ಯೂ ಹಾಕಿ ನಾಬ್ಲುಸ್‌ನ ಶಾಲೆಗಳೆಲ್ಲ ಮುಚ್ಚಿದ ಮೇಲೆ, ಅಕ್ಕಪಕ್ಕದ ಮನೆಗಳ ಮೂವರು ಹುಡುಗಿಯರು ತಾರಸಿ ದಾಟಿ ನನ್ನ ಹತ್ತಿರ ಲೆಕ್ಕದ ಪಾಠಕ್ಕೆ ಬರುತ್ತಿದ್ದರು. ನನ್ನ ಗಂಡ ಗಡಿಯಾಚೆ ಅಮ್ಮಾನ್‌ನಲ್ಲಿ ಸಿಕ್ಕಿಬಿದ್ದಿದ್ದರು. ಮನೆಯಲ್ಲಿ ನಾನು, ಅತ್ತೆ ಇಬ್ಬರೇ.

ಘನಾಕೃತಿ ಬರೆಯುವ ಪಾಠ. ಮರದ ಘನಗಳು ಶಾಲೆಯಲ್ಲೇ ಉಳಿದಿದ್ದವು. ನಮ್ಮೂರಿನ ಸಾಬೂನು ಘನದ ಆಕಾರದ್ದೇ; ಅತ್ತೆ ಕೂಡಿಟ್ಟಿದ್ದನ್ನು ತಂದು ಪೇರಿಸಿದೆ. ಹುಡುಗಿಯರು ಅದನ್ನು ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ನೋಡಿ ಬರೆಯಬೇಕು. ಆಮೇಲೆ ನಾನು ಕೆಡವುತ್ತೇನೆ. ಚಿತ್ರ ನೋಡಿ ಮತ್ತೆ ಕಟ್ಟಬೇಕು. ಅವರಲ್ಲಿ ಮಜ್ದೋಲಿನ್ ಎಂಬವಳು ಪ್ರತಿಸಲವೂ ಕಣ್ಣಿಗೆ ಮರೆಯಾದ ಘನಗಳನ್ನು ಬಿಟ್ಟುಬಿಡುತ್ತಿದ್ದಳು.

"ಮೇಲಿನದು ಗಾಳಿಯಲ್ಲಿ ನಿಂತಿದೆಯೇನೇ?"

"ಕೆಳಗಿನದು ಕಾಣ್ತಿಲ್ವಲ್ಲ ಮಿಸ್."

"ಮುಟ್ಟಿ ಮುಟ್ಟಿ ಸವೆಸಬೇಡ್ರೇ," ಅತ್ತೆ ಗೊಣಗಿದರು. "ಸ್ನಾನಕ್ಕೆ ನಿಮ್ಮ ಚಿತ್ರ ಉಜ್ಕೊಳ್ಳಲಾ?"

ಅಷ್ಟರಲ್ಲಿ ಸೈನಿಕರು ಬಾಗಿಲು ಒಡೆದು ನುಗ್ಗಿದರು. ನಮ್ಮ ಮಹಡಿಯಿಂದ ಓಣಿಯೆಲ್ಲ ಕಾಣುತ್ತದೆ, ಕಾವಲು ಕೂರಲು ಅದಕ್ಕೇ ಬಂದಿದ್ದರು. ಐವರನ್ನೂ ನಡುಮಹಡಿಯ ಕೋಣೆಗೆ ದಬ್ಬಿ ಹೊರಗಿನಿಂದ ಬೀಗ ಹಾಕಿದರು. ಕಿಟಕಿ ಹತ್ತಿರ ಬಂದರೆ ಗುಂಡು ಎಂದ ಒಬ್ಬ.

ಸೆಕೆ. ಬೀರುವಿನ ಹಿಂದೆ ಒಂದು ಬಕೆಟ್, ಅದೇ ಕಕ್ಕಸು. ಹುಡುಗಿಯರ ಅಳು ನಿಲ್ಲಲಿಲ್ಲ. ಕಾಗದ ಕೊಟ್ಟು ಹೇಳಿದೆ, "ಈ ಮನೆ ಬರೀರಿ. ಒಂದೊಂದು ಕೋಣೆ ಒಂದೊಂದು ಘನ. ಬೂಟಿನ ಸದ್ದು ಬಂದಲ್ಲಿ ಗುರುತು ಹಾಕಿ."

ಮಜ್ದೋಲಿನ್ ನೆಲಕ್ಕೆ ಕಿವಿ ಹಚ್ಚಿ ಮಲಗಿದಳು. ಬರೆದಳು, ಅಳಿಸಿದಳು, ಗೋಡೆಗೆ ಕಿವಿ ಕೊಟ್ಟಳು. ಮರುದಿನ ಮಧ್ಯಾಹ್ನ ನನ್ನ ತೋಳು ಹಿಡಿದಳು.

"ಮಿಸ್, ಅವರು ಹೋಗಿದ್ದಾರೆ. ಬೆಳಿಗ್ಗೆ ಇಳಿದವರು ಮತ್ತೆ ಹತ್ತಲೇ ಇಲ್ಲ."

"ಒಬ್ಬ ಉಳಿದಿದ್ರೆ?"

"ಎಲ್ಲಿರ್ತಾನೆ? ತೋರಿಸಿ."

ಚಿತ್ರ ನೋಡಿದೆ. ಒಂದು ಕೋಣೆಯೂ ತಪ್ಪಿರಲಿಲ್ಲ. ಮೆಟ್ಟಿಲ ಕೆಳಗಿನ, ನನಗೇ ಮರೆತುಹೋಗಿದ್ದ ಗೂಡೂ ಅಲ್ಲಿತ್ತು. ಅವಳ ಮಾತು ನಿಜ ಅಂತ ಗೊತ್ತಾಯಿತು. ಆದರೂ ಕೈ ಬಾಗಿಲಿನತ್ತ ಹೋಗಲಿಲ್ಲ. ಸಂಜೆಯವರೆಗೆ ಅಲ್ಲೇ ಕೂತೆವು.

ಕೊನೆಗೆ ಅತ್ತೆ ಎದ್ದರು. "ಗುಂಡು ಹೊಡೆದ್ರೆ ಮುದುಕಿಗೆ ಹೊಡೀಲಿ," ಎಂದು ಚಪ್ಪಲಿಯಿಂದ ಬಾಗಿಲು ಬಡಿದರು. ಯಾರೂ ಬರಲಿಲ್ಲ. ಮಂಚದ ಕಬ್ಬಿಣದ ಪಟ್ಟಿಯಿಂದ ಕೀಲು ಮೀಟಿ ಬಾಗಿಲು ಕಿತ್ತೆವು. ಮನೆ ಖಾಲಿ.

ಹುಡುಗಿಯರು ತಾರಸಿಗೆ ಓಡಿದರು. ಸೈನಿಕರು ಈಗ ಎದುರುಮನೆಯಲ್ಲಿದ್ದರು; ಅದರ ಮೇಲಿನಿಂದ ಗುಂಡು ಹಾರಿ ನೀರಿನ ತೊಟ್ಟಿ ತೂತಾಯಿತು. ಮೂವರೂ ತೆವಳಿಕೊಂಡು ವಾಪಸು ಬಂದರು. ಮಜ್ದೋಲಿನ್‌ಳ ಅಮ್ಮ ಆಚೆ ತಾರಸಿಯಿಂದ ಅವಳ ಹೆಸರು ಕೂಗುತ್ತಿದ್ದಳು. ಓಗೊಡಲೇ ಎಂಬಂತೆ ಇವಳು, ಬಾಯಿಗೆ ತಲೆವಸ್ತ್ರ ಒತ್ತಿಕೊಂಡಿದ್ದ ನನ್ನನ್ನೇ ನೋಡುತ್ತಿದ್ದಳು.

ಆ ರಾತ್ರಿ ಬಾಗಿಲಿಲ್ಲದ ಅದೇ ಕೋಣೆಯಲ್ಲಿ ಐವರೂ ಮಲಗಿದೆವು.