ನೆಲಮಾಳಿಗೆಗೆ ಇಳಿಯುವ ರೇಣುಕಾದೇವಿ

ಹೊಸ ಮನೆಗೆ ಬಂದವರು ಸಾಮಾನ್ಯವಾಗಿ ಮೊದಲು ಅಡುಗೆಮನೆಯ ಕಲ್ಲಿನ ಹೊಳಪನ್ನು ಹೊಗಳುತ್ತಾರೆ, ಆಮೇಲೆ ದೇವರ ಮನೆಗೆ ಕೈಮುಗಿಯುತ್ತಾರೆ, ಕೊನೆಗೆ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ರೇಣುಕಾದೇವಿಯವರದು ಬೇರೆಯೇ ಕ್ರಮ. ಕ್ಲಾರ್ಕ್ಸ್‌ಬರ್ಗಿನ ಗೃಹಪ್ರವೇಶವೇ ಆಗಲಿ, ಯಾರದೋ ಮಗುವಿನ ನಾಮಕರಣವೇ ಆಗಲಿ, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕುಂಕುಮ ಹಚ್ಚಿಸಿಕೊಂಡು, "ನೋಡ್ರಿಲ್ಲೆ, ನಿಮ್ಮ ಬೇಸ್‌ಮೆಂಟ್ ಎಲ್ಲೈತಿ?" ಎಂದು ಕೇಳಿ ಕೆಳಗಿಳಿದುಬಿಡುತ್ತಾರೆ. ಕೋಸಂಬರಿ ಮುಗಿದು ಪಾಯಸ ಬರುವ ಹೊತ್ತಿಗೆ ಮೇಲೆ ಬಂದು, "ಫರ್ನೇಸಿನ ಫಿಲ್ಟರ್ ಬದ್ಲಿ ಮಾಡ್ರಿ, ಪಾಪ ಉಸಿರು ಕಟ್ಟೈತಿ ಅದಕ್ಕ" ಎಂದು ಮನೆಯೊಡೆಯನಿಗೆ ಹೇಳಿ, ಏನೂ ಆಗದವರಂತೆ ಊಟಕ್ಕೆ ಕೂರುತ್ತಾರೆ. ಹುಡುಗರು ಹಿಂದಿನಿಂದ 'ಎಣ್ಣೆ ಆಂಟಿ' ಎಂದು ಕಿಸಕ್ಕನೆ ನಗುವುದು ಅವರಿಗೂ ಗೊತ್ತು. ಅವರೂ ನಗುತ್ತಾರೆ.

ಗದಗಿನ ಕಡೆಯ ಈ ಹೆಣ್ಣುಮಗಳು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ, ನೂಲಿನ ಗಿರಣಿಯೊಂದರ ಬಾಯ್ಲರ್ ಮನೆಯಲ್ಲಿ ಕೆಲವು ವರ್ಷ ಬೆವರಿಳಿಸಿ, ವೈದ್ಯರಾದ ಗಂಡನೊಡನೆ ಈ ದೇಶಕ್ಕೆ ಬಂದವರು. ಇಲ್ಲಿನ ಹಳೆಯ ಮನೆಗಳಲ್ಲಿ ಇಂದಿಗೂ ನೆಲಮಾಳಿಗೆಯಲ್ಲೊಂದು ಎಣ್ಣೆಯ ಟ್ಯಾಂಕು, ಅದರ ಪಕ್ಕಕ್ಕೆ ಆ ಎಣ್ಣೆ ಉರಿಸುವ ಒಂದು ಫರ್ನೇಸು. ಲಾರಿ ಬಂದು ಎಣ್ಣೆ ತುಂಬಿ ಹೋದರೆ ಚಳಿಗಾಲವೆಲ್ಲ ಮನೆ ಬೆಚ್ಚಗೆ. ಆ ಎಣ್ಣೆ ಮಾರುವ ಸಣ್ಣಪುಟ್ಟ ವ್ಯಾಪಾರಿಗಳ ಸಂಘವೊಂದರ ಕಚೇರಿ ರೆಸ್ಟನ್ನಿನಲ್ಲಿದೆ. ಸಂಘದ ಪರವಾಗಿ ಶಾಸಕರ ಬಾಗಿಲು ತಟ್ಟುವುದು, ಸಮಿತಿಗಳ ಮುಂದೆ ವಾದಿಸುವುದು ರೇಣುಕಾದೇವಿಯವರ ಉದ್ಯೋಗ. ಈ ವೃತ್ತಿಯ ಉಳಿದವರು ಇಸ್ತ್ರಿ ಮುರಿಯದ ಸೂಟಿನಲ್ಲಿ ಓಡಾಡಿದರೆ, ಇವರು ಮೊಣಕೈಗೆ ಮಸಿ ಹಿಡಿದ ಮರೂನು ಬಣ್ಣದ ಉದ್ದನೆಯ ಉಣ್ಣೆಕೋಟಿನಲ್ಲೇ ಶಾಸನಸಭೆಯ ಅಮೃತಶಿಲೆಯ ಮೆಟ್ಟಿಲೇರುತ್ತಾರೆ. ಕೋಟಿನ ಒಂದು ಜೇಬಿನಲ್ಲಿ ಟಾರ್ಚು, ಇನ್ನೊಂದರಲ್ಲಿ ಲವಂಗ. ಮಂಡಿನೋವಿನಿಂದಾಗಿ ಮೆಟ್ಟಿಲಿಳಿಯುವಾಗ ಗೋಡೆಗೆ ಅಂಗೈ ಆನಿಸಿ ಅಡ್ಡಡ್ಡಲಾಗಿ ಇಳಿಯುವ ಅವರ ನಡಿಗೆಯನ್ನು ನೋಡಿದವರಿಗೆ ಕೈ ಹಿಡಿದುಕೊಳ್ಳಬೇಕೆನಿಸುತ್ತದೆ, ಹಿಡಿದರೆ ಬೈಸಿಕೊಳ್ಳುತ್ತಾರೆ.

ಅವರ ಮಾತಿನ ರೀತಿಯಂತೂ ಸಂಘದವರಿಗೆ ನಿತ್ಯದ ತಲೆನೋವು. ಪರಪಕ್ಷದ ಬಲವಾದ ವಾದವೇನಿದೆಯೋ ಅದನ್ನು ಮೊದಲು ತಾವೇ ಹೇಳಿಬಿಡುವುದು ಅವರ ಹಠ. "ಎಣ್ಣೆ ಸುಟ್ರ ಹೊಗಿ ಬರ್ತದ, ಅದ್ರಿಂದ ಗಾಳಿ ಕೆಡ್ತದ, ಇದನ್ನ ನಾನ ಮೊದ್ಲ ಹೇಳ್ತೀನಿ. ಯಾಕಂದ್ರ ಅವರಿಗೆ ಗೊತ್ತಿದ್ದದ್ದೇ ಅದು" ಎನ್ನುತ್ತಾರೆ. ಅವರ ಜೊತೆ ಕೆಲಸಮಾಡುವ ಮೈಸೂರಿನ ಕೃಷ್ಣಪ್ರಸಾದ, ಅಂಕಿಅಂಶಗಳ ಅಚ್ಚುಕಟ್ಟು ಮನುಷ್ಯ, ಪ್ರತಿ ಸಲವೂ ಕೈಕೈ ಹಿಸುಕಿಕೊಳ್ಳುತ್ತಾನೆ. "ಮೇಡಂ, ನಾವೇ ಹೀಗೆ ಅಡ್ಮಿಟ್ ಮಾಡ್ಬಿಟ್ರೆ ಆಮೇಲೆ ಡಿಫೆಂಡ್ ಮಾಡೋದು ಏನನ್ನ?" ಎಂಬ ಅವನ ಪ್ರಶ್ನೆಗೆ ಅವರು ಒಂದು ಲವಂಗ ಕೊಡುತ್ತಾರೆ, ಉತ್ತರ ಕೊಡುವುದಿಲ್ಲ.

ಎರಡು ಸಾವಿರದ ಇಪ್ಪತ್ತಮೂರರ ಚಳಿಗಾಲದಲ್ಲಿ ಈ ಹಠಕ್ಕೆ ನಿಜವಾದ ಅಗ್ನಿಪರೀಕ್ಷೆ ಬಂತು. ಶಾಸನಸಭೆಯ ಮುಂದೊಂದು ಮಸೂದೆ ಬಂದಿತ್ತು: ಇನ್ನು ಮುಂದೆ ಯಾವ ಮನೆಯಲ್ಲಿಯೂ ಎಣ್ಣೆಯ ಫರ್ನೇಸಾಗಲಿ ಟ್ಯಾಂಕಾಗಲಿ ಕೆಟ್ಟರೆ ಅದರ ಜಾಗಕ್ಕೆ ಹೊಸದನ್ನು ಇಡುವಂತಿಲ್ಲ, ಮನೆ ಬಿಸಿಮಾಡಲು ವಿದ್ಯುತ್ತಿಗೆ ಹೋಗಲೇಬೇಕು. ಉದ್ದೇಶದಲ್ಲಿ ದೋಷವಿರಲಿಲ್ಲ; ರೇಣುಕಾದೇವಿಯವರೂ ಇದೆಯೆಂದು ಹೇಳಲಿಲ್ಲ. ಅವರು ಕೇಳಿದ್ದು ಒಂದೇ ತಿದ್ದುಪಡಿ: ಹಳೆಯ ಮನೆಗಳಲ್ಲಿ, ಕರಿದುಳಿದ ಅಡುಗೆಯೆಣ್ಣೆಯಿಂದ ಮಾಡಿದ ಇಂಧನವನ್ನು ಬೆರೆಸಿ ಉರಿಸುವುದಾದರೆ, ಹೊಸದನ್ನು ಇಡಲು ಅವಕಾಶವಿರಲಿ. ಅದು ಬಿದ್ದುಹೋದರೆ ಎರಡು ಲಾರಿ ಇಟ್ಟುಕೊಂಡು ಬದುಕುವ ವ್ಯಾಪಾರಿಗಳು ಬಾಗಿಲು ಹಾಕಬೇಕು, ನಡುಚಳಿಗಾಲದಲ್ಲಿ ಫರ್ನೇಸು ಕೆಟ್ಟ ಮನೆಯವರು ತಂತಿಯನ್ನೆಲ್ಲ ಹೊಸದಾಗಿ ಎಳೆಸುವ ತನಕ ನಡುಗುತ್ತ ಕೂರಬೇಕು. ಡರ್ಹಮ್ಮಿನಲ್ಲಿ ಪರಿಸರಶಾಸ್ತ್ರ ಓದುವ ಮಗಳು ನಮ್ರತಾ ಮಾತ್ರ ಫೋನಿನಲ್ಲಿ ಒಂದೇ ಪಟ್ಟು: "ಅಮ್ಮಾ, ಯು ಆರ್ ಆನ್ ದ ರಾಂಗ್ ಸೈಡ್." ಮಗಳ ಈ ಮಾತು ತಾಯಿಯನ್ನು ಚುಚ್ಚುತ್ತಿತ್ತು, ಯಾಕೆಂದರೆ ಅದು ಪೂರ್ತಿ ಸುಳ್ಳೆಂದು ಹೇಳಲು ಅವರ ನಾಲಿಗೆ ಏಳುತ್ತಿರಲಿಲ್ಲ.

ಸಮಿತಿಯಲ್ಲಿ ಮತಗಳು ಸಮಸಮವಾಗಿ, ಎಲ್ಲವೂ ಶಾಸಕಿ ಹಾರ್ಪರ್ ಎಂಬ ಒಬ್ಬ ಹೆಂಗಸಿನ ಮೇಲೆ ನಿಂತಿತು. ಆಕೆಗೆ ತೋರಿಸಲೆಂದು ಕೃಷ್ಣಪ್ರಸಾದ ಒಂದು ಮಾದರಿ ಮನೆಯನ್ನು ಗೊತ್ತುಮಾಡಿ, ಟ್ಯಾಂಕಿಗೆ ಹೊಸ ಬಣ್ಣ ಬಳಿಸಿ, ನೆಲ ತೊಳೆಸಿ ಇಟ್ಟಿದ್ದ. ರೇಣುಕಾದೇವಿಯವರು ಅದನ್ನು ರದ್ದುಮಾಡಿದರು. "ಮದಲಗಿತ್ತಿ ಹಂಗ ಸಿಂಗಾರ ಮಾಡಿದ ಟ್ಯಾಂಕ್ ತೋರ್ಸಿದ್ರ ಆಕಿ ನಂಬ್ತಾಳೇನು? ಮನಿ ಆಕೀನ ಆರಿಸ್ಲಿ."

ಹಾರ್ಪರ್ ಆರಿಸಿದ್ದು ಫ್ರೆಡರಿಕ್ ಪಟ್ಟಣದಲ್ಲಿದ್ದ ತನ್ನ ಚಿಕ್ಕಮ್ಮನ ಮನೆಯನ್ನೇ. ಚಿಕ್ಕಮ್ಮ ಲೊರೆಟ್ಟಾ ನೆರೆಹೊರೆಯ ಮಕ್ಕಳಿಗೆ ಪಿಯಾನೊ ಹೇಳಿಕೊಡುವ ಗಟ್ಟಿಗಿತ್ತಿ. ಪಾಠ ನಿಲ್ಲಿಸಿ ಬಾಗಿಲು ತೆಗೆಯಬೇಕಾಯಿತೆಂದು ಆಗಲೇ ಸಿಡುಕಿದ್ದಳು. ಅವಳನ್ನು ಮೇಲೆಯೇ ಬಿಟ್ಟು ಹಾರ್ಪರ್, ರೇಣುಕಾದೇವಿ, ಕೃಷ್ಣಪ್ರಸಾದ ಮೂವರೂ ಕೆಳಗಿಳಿದರು. ಕಡೆಯ ಮೆಟ್ಟಿಲು ತಲುಪುವ ಮುನ್ನವೇ ಎಣ್ಣೆಯ ಘಾಟು ಮೂಗಿಗೆ ಬಡಿಯಿತು. ಟ್ಯಾಂಕಿನ ಅಡಿಭಾಗ ತುಕ್ಕು ಹಿಡಿದು, ಹನಿಹನಿಯಾಗಿ ಸೋರಿ, ಕೆಳಗಿನ ಕಾಂಕ್ರೀಟು ಕಪ್ಪಗಾಗಿತ್ತು. ಮಸೂದೆಯ ಪರವಾಗಿದ್ದವರು ಹುಡುಕಿದರೂ ಇಷ್ಟು ಒಳ್ಳೆಯ ಸಾಕ್ಷಿ ಅವರಿಗೆ ಸಿಗುತ್ತಿರಲಿಲ್ಲ. ಕೃಷ್ಣಪ್ರಸಾದ ಕೈಕೈ ಹಿಸುಕಿಕೊಂಡ. ರೇಣುಕಾದೇವಿಯವರ ಬಾಯಿ ಮಾತ್ರ ತನ್ನ ಅಭ್ಯಾಸ ಬಿಡಲಿಲ್ಲ.

ಮಂಡಿಯೂರಿ, ಟಾರ್ಚು ಹಿಡಿದು, ಬೆರಳಿಂದ ತುಕ್ಕು ಮುಟ್ಟಿ ನೋಡಿ, ಶಾಸಕಿಯ ಕಡೆ ತಿರುಗಿ ಇಂಗ್ಲಿಷಿನಲ್ಲಿ ನೇರವಾಗಿ ಹೇಳಿದರು: ಈ ಟ್ಯಾಂಕು ಇವತ್ತೇ ಖಾಲಿಯಾಗಬೇಕು, ಇನ್ನೊಂದು ರಾತ್ರಿಯೂ ಇದನ್ನು ನಂಬಬಾರದು, ಎಣ್ಣೆ ಹಾಕಲು ಬಂದವನು ವರುಷವರುಷವೂ ಇಳಿದು ನೋಡಬೇಕಿತ್ತು, ನೋಡಿಲ್ಲ, ತಪ್ಪು ನಮ್ಮವರದೇ.

"ಹಾಗಾದರೆ ಮಸೂದೆಯೇ ಸರಿ ಎಂದು ಒಪ್ಪಿದಿರಿ" ಎಂದಳು ಹಾರ್ಪರ್.

"ಟ್ಯಾಂಕಿನ ವಿಷಯದಲ್ಲಿ ಒಪ್ಪಿದೆ. ಆ ಕಾನೂನು ಈಗಾಗಲೇ ಜಾರಿಯಲ್ಲಿದ್ದಿದ್ದರೆ, ಇದನ್ನು ತೆಗೆದ ಮೇಲೆ ಇನ್ನೊಂದನ್ನು ಇಡಲು ಯಾರೂ ಬರುವಂತಿರಲಿಲ್ಲ. ಈ ಮನೆಯ ತಂತಿ ನೋಡಿ, ನಿಮ್ಮ ಚಿಕ್ಕಮ್ಮನಷ್ಟೇ ವಯಸ್ಸು ಅದಕ್ಕೆ. ಅದನ್ನು ಬದಲಿಸುವ ತನಕ ಆಕೆ ಎಲ್ಲಿರಬೇಕು?"

ಮೇಲಿನಿಂದ ಲೊರೆಟ್ಟಾ ಕೂಗಿದಳು: "ನಾನೆಲ್ಲಿಗೂ ಹೋಗುವುದಿಲ್ಲ! ಕೆಳಗೆ ಯಾರಾದರೂ ಏನಾದರೂ ಮಾಡುತ್ತೀರೋ, ಬರೀ ಮಾತಾಡುತ್ತೀರೋ?"

ಮಾಡಿದರು. ಊರಿನದೇ ಎಣ್ಣೆಯಂಗಡಿಯವನಿಗೆ ರೇಣುಕಾದೇವಿಯವರು ಫೋನು ಮಾಡಿ ಬೈದು ಕರೆಸಿದರು. ಅವನು ತಲೆತಗ್ಗಿಸಿಕೊಂಡು ಬಂದು, ಹಳೆಯ ಟ್ಯಾಂಕು ಖಾಲಿ ಮಾಡಿ, ತಾತ್ಕಾಲಿಕವಾಗಿ ಒಂದು ಚಿಕ್ಕ ಟ್ಯಾಂಕು ಜೋಡಿಸಿದ. ಅಷ್ಟರೊಳಗೆ ಮನೆ ತಣ್ಣಗಾಗಿ, ಶಾಸಕಿ ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು ಪಿಯಾನೊದ ಪಕ್ಕ ಕೈಯುಜ್ಜುತ್ತ ಕೂತಿದ್ದಳು. ಕತ್ತಲಾಗುವ ಮುಂಚೆ ಫರ್ನೇಸು ಗುರ್ರೆಂದು ಹೊತ್ತಿಕೊಂಡಿತು. ಹಾರ್ಪರ್ ಥ್ಯಾಂಕ್ಸ್ ಹೇಳಿದಳು, ಮತದ ವಿಷಯ ಎತ್ತಲಿಲ್ಲ.

ಹಿಂದಿರುಗುವಾಗ ಕಾರಿನಲ್ಲಿ ಕೃಷ್ಣಪ್ರಸಾದ ತಡೆಯಲಾರದೆ ಅಂದ: "ನಮ್ಮ ಕಾಲ ಮೇಲೆ ನಾವೇ ಕಲ್ಲು ಹಾಕ್ಕೊಂಡ್ವಿ ಮೇಡಂ." ಸುದ್ದಿ ತಿಳಿದ ಸಂಘದ ಅಧ್ಯಕ್ಷರು ಇನ್ನೂ ಖಾರವಾಗಿ, ತಿದ್ದುಪಡಿ ಬಿದ್ದರೆ ಬೇರೆ ಕೆಲಸ ನೋಡಿಕೊಳ್ಳಿ ಎಂದರು. ಮತದಾನದ ದಿನ ರೇಣುಕಾದೇವಿಯವರು ಸಮಿತಿಯ ಕೋಣೆಯ ಹಿಂದಿನ ಸಾಲಿನಲ್ಲಿ ಕೂತು ಲವಂಗ ಅಗಿದು ಅಗಿದು ನಾಲಿಗೆ ಜೋಮು ಹಿಡಿಸಿಕೊಂಡರು.

ಹಾರ್ಪರ್ ತಿದ್ದುಪಡಿಗೆ ಕೈಯೆತ್ತಿದಳು, ಒಂದು ಷರತ್ತನ್ನೂ ಸೇರಿಸಿದಳು: ಎಣ್ಣೆ ಮಾರುವವರು ವರುಷಕ್ಕೊಮ್ಮೆ ಪ್ರತಿ ಟ್ಯಾಂಕನ್ನೂ ಇಳಿದು ಪರೀಕ್ಷಿಸತಕ್ಕದ್ದು. "ತಮ್ಮ ಕಡೆಯ ತಪ್ಪನ್ನು ಮೊದಲು ಹೇಳಿದವರು ಉಳಿದದ್ದನ್ನೂ ನಿಜವೇ ಹೇಳಿರಬೇಕು" ಎಂದು ಆಕೆ ಸಭೆಯಲ್ಲಿ ಅಂದದ್ದನ್ನು ಕೃಷ್ಣಪ್ರಸಾದ ಆಮೇಲೆ ಕನ್ನಡ ಕೂಟದ ಪ್ರತಿಯೊಬ್ಬರಿಗೂ ಹೇಳಿಕೊಂಡು ತಿರುಗಿದ. ಹೊಸ ಹೊರೆ ಬಿತ್ತೆಂದು ವ್ಯಾಪಾರಿಗಳು ಗೊಣಗಿದರು. ಅಂಗಡಿ ಉಳಿಯಿತಲ್ಲ ಎಂದು ಮನಸ್ಸಿನಲ್ಲೇ ಸಮಾಧಾನಪಟ್ಟರು.

ರೇಣುಕಾದೇವಿಯವರು ಕಾರು ನಿಲ್ಲಿಸಿದ ಕಡೆ ಬಂದು ಒಳಗೆ ಕೂತರು. ಎಷ್ಟು ಹೆದರಿದ್ದರೆಂಬುದು ಅವರಿಗೇ ಗೊತ್ತಾದದ್ದು ಆಗ. ಎದೆಯ ಮೇಲಿನ ಕಲ್ಲು ಇಳಿದಂತಾಗಿ, ಅಳುವೂ ನಗುವೂ ಒಟ್ಟಿಗೆ ಬಂತು. ಮಗಳಿಗೆ ಫೋನು ಮಾಡಿದರು.

"ಸೋ, ಆಯಿಲ್ ವನ್" ಎಂದಳು ನಮ್ರತಾ.

"ಎಣ್ಣಿ ಗೆದ್ದಿಲ್ಲವ್ವಾ. ಅದು ಹೋಗೂದೇ, ನಂಗೂ ಗೊತ್ತೈತಿ. ಹೋಗೂತನಾ ಯಾರೂ ಥಂಡ್ಯಾಗ ಕುಂದ್ರಬಾರ್ದು, ಅಷ್ಟ."

"ಓಕೆ ಅಮ್ಮಾ. ಬಟ್ ನೀನು ರೈಟ್ ಅಂತ ನಾನು ಹೇಳ್ತಾ ಇಲ್ಲ."

"ಹೇಳಬ್ಯಾಡ. ಊಟ ಮಾಡೀಯಿಲ್ಲೊ?"

ಸಂಬಳಕ್ಕೆ ಇನ್ನೊಬ್ಬರ ಪರ ಮಾತಾಡುವವರನ್ನು ಲೋಕ ನಂಬುವುದಿಲ್ಲ. ಬಹುಮಟ್ಟಿಗೆ ಲೋಕದ ಎಣಿಕೆ ಸರಿಯೇ. ಕಾಲ ಮುಗಿಯುತ್ತಿರುವ ಒಂದು ವಸ್ತುವಿನ ಪರವಾಗಿ ನಿಲ್ಲುವವರಲ್ಲಿ ಹೆಚ್ಚಿನವರು ಅದು ಮುಗಿಯುವುದೇ ಇಲ್ಲವೆಂದು ನಮ್ಮನ್ನು ನಂಬಿಸಲು ಹೆಣಗುತ್ತಾರೆ. ಅಪರೂಪಕ್ಕೆ ಕೆಲವರು ಇರುತ್ತಾರೆ, ಅದರ ತುಕ್ಕನ್ನು ತಾವೇ ಬೆರಳಿಟ್ಟು ತೋರಿಸಿ, ಅದು ಹೋಗಲಿ, ಆದರೆ ಅದನ್ನು ನೆಚ್ಚಿಕೊಂಡವರ ಕೈಬಿಟ್ಟು ಹೋಗದಿರಲಿ ಎಂದು ಬೇಡುವವರು. ಅಂಥವರು ಗೆದ್ದ ದಿನ ಸೋತವರಿಗೂ ಸೋತೆವೆಂಬ ಉರಿ ಇರುವುದಿಲ್ಲ, ಗೆದ್ದವರಿಗೂ ಮೆರವಣಿಗೆ ಇರುವುದಿಲ್ಲ. ಆ ರಾತ್ರಿ ಎಲ್ಲೋ ಯಾರದೋ ಮನೆಯಲ್ಲಿ ಯಾರಿಗೂ ಚಳಿಯಾಗುವುದಿಲ್ಲ, ಅಷ್ಟೇ.